ಎತ್ತರ ಬಂತು, ಮೈ ಇನ್ನೂ ಬಂದಿಲ್ಲ

ಈ ಅಂಕಣಕ್ಕೆ ಬರುವ ಪತ್ರಗಳನ್ನು ತಿಂಗಳಿಗೊಮ್ಮೆ ಒಟ್ಟಿಗೆ ಕೂತು ಓದುತ್ತೇನೆ. ಈ ಸಲ ಅರ್ಧಕ್ಕಿಂತ ಹೆಚ್ಚು ಪತ್ರಗಳಲ್ಲಿ ಇದ್ದದ್ದು ಬಾಸ್ಕೆಟ್‌ಬಾಲ್ ಆಡುವ ಮಕ್ಕಳ ಮೈಕಟ್ಟಿನ ಬಗ್ಗೆ ಒಂದೇ ಪ್ರಶ್ನೆ, ಅಂಗಿ ಮಾತ್ರ ಬೇರೆ ಬೇರೆ. ಮೂರು ವರ್ಷದಿಂದ ಅದಕ್ಕೆ ತುಂಡು ತುಂಡಾಗಿ ಉತ್ತರಿಸಿ ಸಾಕಾಗಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ. ಆಟಕ್ಕೆ ಮುಂಚೆ ಮೈ ಬಿಸಿ ಮಾಡಿಕೊಳ್ಳುವುದು, ನೀರು, ನಿದ್ದೆ ಇವೆಲ್ಲ ಈ ಉತ್ತರದಲ್ಲಿ ಇರುವುದಿಲ್ಲ. ಅದು ಗೊತ್ತಿಲ್ಲದವರು ಶಾಲೆಯ ಪಿ.ಟಿ. ಮೇಷ್ಟರನ್ನು ಕೇಳಬಹುದು.

ಪ್ರಶ್ನೆ: ಬೆಳಗಿನ ಜಾವ ಎದ್ದು ಮಗನ ಜೊತೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯ ನೋಡುತ್ತೇನೆ. ವೆಂಬನ್ಯಾಮಾ, ಚೆಟ್ ಹೋಮ್‌ಗ್ರೆನ್ ಅವರಂಥ ಹುಡುಗರು ಕಡ್ಡಿಯ ಹಾಗಿದ್ದಾರೆ. ಕೋಟಿಗಟ್ಟಲೆ ಸುರಿಯುವ ತಂಡದವರು ಒಂದು ವರ್ಷ ಚೆನ್ನಾಗಿ ತಿನ್ನಿಸಿ, ಜಿಮ್ ಮಾಡಿಸಿ ಇಪ್ಪತ್ತು ಕಿಲೋ ಏರಿಸಬಾರದೇ? ಯಾನಿಸ್ ಹಾಗೆ ಆಗಲಿಲ್ಲವೇ? ನನ್ನ ಮಗನಿಗೆ 17 ವರ್ಷ, ಆರು ಅಡಿ ನಾಲ್ಕು ಅಂಗುಲ, 68 ಕಿಲೋ. ಅವನಿಗೂ ಮಾಡಿಸಬಹುದೇ? (ಮೈಸೂರಿನ ಓದುಗರೊಬ್ಬರು)

ಯಾನಿಸ್ ಆಂಟೆಟೊಕುಂಪೊ ಹಾಗೆ ಆದದ್ದು ನಿಜ. ಎಷ್ಟು ವರ್ಷಕ್ಕೆ ಆದರು ಎನ್ನುವುದನ್ನು ನಿಮಗೆ ಯಾರೂ ಹೇಳಿಲ್ಲ. 2013ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ, ಮಿಲ್ವಾಕೀ ತಂಡ ಅವರನ್ನು ಹದಿನೈದನೆಯವರಾಗಿ ಆರಿಸಿಕೊಂಡಾಗ ಅವರಿಗೆ 18 ವರ್ಷ. ಎತ್ತರ ಸುಮಾರು ಆರು ಅಡಿ ಒಂಬತ್ತು ಅಂಗುಲ, ತೂಕ 89 ಕಿಲೋದ ಆಸುಪಾಸು. ಈಗ ಎತ್ತರ ಆರು ಅಡಿ ಹನ್ನೊಂದು, ತೂಕ 110 ಕಿಲೋ. ಋತುವಿನ ಶ್ರೇಷ್ಠ ಆಟಗಾರ ಎಂಬ ಪ್ರಶಸ್ತಿ ಮೊದಲ ಬಾರಿ ಬಂದದ್ದು 2019ರಲ್ಲಿ. ಆ ಇಪ್ಪತ್ತೊಂದು ಕಿಲೋವನ್ನು ನಡುವಿನ ಆರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಮೂರೂವರೆ ಕಿಲೋ. ನಿಮ್ಮ ವಾಟ್ಸಾಪ್‌ಗೆ ಬರುವ ಜೋಡಿ ಫೋಟೋದಲ್ಲಿ ಎಡಗಡೆ ಕಡ್ಡಿ, ಬಲಗಡೆ ಬಂಡೆ ಇರುತ್ತದೆ. ಆ ಎರಡರ ನಡುವೆ ಆರು ವರ್ಷ ಇದೆ ಎಂದು ಯಾರೂ ಬರೆಯುವುದಿಲ್ಲ. ಡ್ರಾಫ್ಟ್ ಆದ ಮೇಲೂ ಅವರು ಎರಡು ಅಂಗುಲ ಬೆಳೆದರು ಎಂಬುದನ್ನೂ ಗಮನಿಸಿ. ಅಂದರೆ ಅವರ ಮೂಳೆಯ ಬೆಳೆಯುವ ತುದಿಗಳು ಇನ್ನೂ ಮುಚ್ಚಿಕೊಂಡಿರಲಿಲ್ಲ.

ವಿಷಯ ಇಲ್ಲಿದೆ. ಎತ್ತರ, ಸ್ನಾಯು, ಸ್ನಾಯುವನ್ನು ಮೂಳೆಗೆ ಕಟ್ಟಿರುವ ರಜ್ಜು, ಮೂಳೆ, ಇವು ಒಂದೇ ಗಡಿಯಾರ ನೋಡಿ ಬೆಳೆಯುವುದಿಲ್ಲ. ಗಂಡುಮಕ್ಕಳ ಎತ್ತರ ಸಾಮಾನ್ಯವಾಗಿ 17, 18ಕ್ಕೆ ನಿಲ್ಲುತ್ತದೆ. ಆದರೆ ಕುತ್ತಿಗೆಯ ಬುಡದ ಕಾಲರ್ ಮೂಳೆಯ ಒಳತುದಿ ಪೂರ್ತಿ ಕೂಡಿಕೊಳ್ಳುವುದು ಇಪ್ಪತ್ತು ದಾಟಿದ ಎಷ್ಟೋ ವರ್ಷಗಳ ಮೇಲೆ. ಮೂಳೆಯ ಸಾಂದ್ರತೆ ತನ್ನ ಶಿಖರ ಮುಟ್ಟುವುದಂತೂ ಇಪ್ಪತ್ತರ ದಶಕದಲ್ಲಿ. ಸ್ನಾಯು ಮಾತ್ರ ಅವಸರದ ಮನುಷ್ಯ. ಎರಡು ತಿಂಗಳು ಭಾರ ಎತ್ತಿದರೆ ಕನ್ನಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ರಜ್ಜುವಿಗೆ ರಕ್ತದ ಓಡಾಟವೇ ಕಡಿಮೆ, ಅದು ನಿಧಾನಕ್ಕೆ ಗಟ್ಟಿಯಾಗುವ ವಸ್ತು. ಹೊಸ ಸ್ನಾಯು ಬಂದ ಹುಡುಗ ಮೊದಲಿಗಿಂತ ಎತ್ತರಕ್ಕೆ ಹಾರುತ್ತಾನೆ, ಮೊದಲಿಗಿಂತ ಭಾರವಾಗಿ ನೆಲಕ್ಕೆ ಬೀಳುತ್ತಾನೆ. ಆ ಏಟು ತಿನ್ನುವುದು ಹಳೆಯ ರಜ್ಜು, ಹಳೆಯ ಮೂಳೆ. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ತಾರಸಿಯ ಕ್ಯೂರಿಂಗ್ ಮುಗಿಯುವ ಮೊದಲೇ ಸೆಂಟ್ರಿಂಗ್ ಬಿಚ್ಚಿಸಿ ಮೇಲೆ ಇಟ್ಟಿಗೆ ಪೇರಿಸುವ ಮೇಸ್ತ್ರಿಯನ್ನು ನೀವು ಒಪ್ಪುತ್ತೀರಾ?

ಉದ್ದನೆಯವರಿಗೆ ಇನ್ನೊಂದು ತೊಡಕಿದೆ. ಅದೇ ಅಳತೆಯ ದೇಹವನ್ನು ಎಲ್ಲ ದಿಕ್ಕಿಗೂ ಶೇ 10ರಷ್ಟು ಹಿಗ್ಗಿಸಿದರೆ ತೂಕ ಶೇ 33ರಷ್ಟು ಏರುತ್ತದೆ, ಆ ತೂಕ ಹೊರುವ ಮೂಳೆಯ ಅಡ್ಡಕೊಯ್ತ ಏರುವುದು ಶೇ 21 ಮಾತ್ರ. ಇದು ಹೈಸ್ಕೂಲಿನ ಲೆಕ್ಕ. ಏಳೂವರೆ ಅಡಿಯ ಯಾವ್ ಮಿಂಗ್ ಅವರ ಎಡಪಾದ, ಎಡಗಾಲಿನ ಗಂಟು ಪದೇ ಪದೇ ಬಿರುಕು ಬಿಟ್ಟು, 2011ರಲ್ಲಿ ಮೂವತ್ತನೆಯ ವಯಸ್ಸಿಗೇ ಆಟ ಬಿಡಬೇಕಾಯಿತು. 2014ರಲ್ಲಿ ಮೂರನೆಯವರಾಗಿ ಆಯ್ಕೆಯಾದ ಜೋಯೆಲ್ ಎಂಬೀಡ್ ಪಾದದ ನ್ಯಾವಿಕ್ಯುಲರ್ ಎಂಬ ಒಂದೇ ಒಂದು ಸಣ್ಣ ಮೂಳೆಯ ದೆಸೆಯಿಂದ ಎರಡು ಋತು ಪೂರ್ತಿ ಬೆಂಚಿನಲ್ಲಿ ಕೂತರು.

ತೆಳ್ಳಗಿರುವವರೇ ಮುರಿಯುವುದು, ತೂಕ ಹಾಕಿದರೆ ಸರಿಹೋಗುತ್ತದೆ ಎನ್ನುವ ಪಂಡಿತರು ಬಹಳ. 2022ರ ಆಗಸ್ಟ್‌ನಲ್ಲಿ ಹೋಮ್‌ಗ್ರೆನ್ ಸಿಯಾಟಲ್‌ನ ಒಂದು ಬೇಸಿಗೆ ಪಂದ್ಯದಲ್ಲಿ ಲೆಬ್ರಾನ್ ಜೇಮ್ಸ್‌ಗೆ ಅಡ್ಡ ಹೋಗಿ ಬಲಪಾದಕ್ಕೆ ಪೆಟ್ಟು ಮಾಡಿಕೊಂಡಾಗ ಇವರೆಲ್ಲ ಎದ್ದು ನಿಂತು ನಾವು ಹೇಳಿರಲಿಲ್ಲವೇ ಎಂದರು. ಹಾಗಾದರೆ ಝಯಾನ್ ವಿಲಿಯಮ್ಸನ್? ಆರೂವರೆ ಅಡಿ, 129 ಕಿಲೋ, 2019ರ ಮೊದಲ ಆಯ್ಕೆ. ಅವರೂ ಬಲಪಾದವನ್ನೇ ಮುರಿದುಕೊಂಡು 2021-22ರ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕಡ್ಡಿಯಂಥ ಹೋಮ್‌ಗ್ರೆನ್ ಒಂದು ವರ್ಷ ಕೂತು ಬಂದು, 2023-24ರಲ್ಲಿ 82ಕ್ಕೆ 82 ಪಂದ್ಯ ಆಡಿದರು. ಮರುವರ್ಷ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೇ ಬರೆಯುತ್ತೀರಿ. ನನ್ನ ಮಾತಿಷ್ಟೆ: ತೂಕದ ಯಂತ್ರದ ಮುಳ್ಳು ನೋಡಿ ಯಾರು ಮುರಿಯುತ್ತಾರೆ ಎಂದು ಭವಿಷ್ಯ ಹೇಳಲಾಗುವುದಿಲ್ಲ.

ಬಲದ ಪರೀಕ್ಷೆಯೂ ಹಾಗೆಯೇ. 2007ರಲ್ಲಿ ಡ್ರಾಫ್ಟ್‌ಗೆ ಮುಂಚಿನ ತಪಾಸಣೆಯಲ್ಲಿ ಕೆವಿನ್ ಡ್ಯುರಾಂಟ್ ಅವರಿಗೆ ಬೆಂಚ್ ಪ್ರೆಸ್‌ನಲ್ಲಿ, ಅಂದರೆ ಮಲಗಿಕೊಂಡು ಎದೆಯ ಮೇಲಿಂದ ಭಾರ ತಳ್ಳುವುದರಲ್ಲಿ, 84 ಕಿಲೋವನ್ನು ಒಂದು ಸಲವೂ ಎತ್ತಲಾಗಲಿಲ್ಲ. ಎರಡನೆಯವರಾಗಿ ಆಯ್ಕೆಯಾದರು, 2014ರಲ್ಲಿ ಲೀಗಿನ ಶ್ರೇಷ್ಠ ಆಟಗಾರರಾದರು, ಇವತ್ತಿಗೂ ತೆಳ್ಳಗೇ ಇದ್ದಾರೆ. ಎಲ್ಲರೂ ಯಾನಿಸ್ ಆಗಬೇಕಿಲ್ಲ. ಕೆಲವರ ಎಲುಬಿನ ಚೌಕಟ್ಟೇ ಕಿರಿದು, ಅದರ ಮೇಲೆ ಹೇರಿದ್ದೆಲ್ಲ ಮಂಡಿಗೆ ಬಾಡಿಗೆ ಕಟ್ಟದೆ ಕೂತ ಒಕ್ಕಲು. ವೆಂಬನ್ಯಾಮಾ ಅವರ ಏಳು ಅಡಿ ನಾಲ್ಕು ಅಂಗುಲದ ಮೈಗೆ ಎಷ್ಟು ಕಿಲೋ ಸರಿ ಎಂಬುದು ಅವರ ತಂಡದ ವೈದ್ಯರಿಗೆ ಬಿಟ್ಟದ್ದು, ಮೈಸೂರಿನ ಸೋಫಾದಿಂದ ನೀವೂ ಹೇಳಬೇಡಿ, ಬೆಂಗಳೂರಿನ ಕುರ್ಚಿಯಿಂದ ನಾನೂ ಹೇಳುವುದಿಲ್ಲ.

ನಾನು ಈ ವಿಚಾರದಲ್ಲಿ ಹೆದರುಪುಕ್ಕಲ, ಅದಕ್ಕೆ ಕಾರಣವಿದೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಹದಿನೆಂಟರ ಹುಡುಗ ಬಂದಿದ್ದ. ರಾಜ್ಯ ತಂಡದ ಆಯ್ಕೆ ಹತ್ತಿರವಿತ್ತು. ಎಂಟು ತಿಂಗಳಲ್ಲಿ ಹನ್ನೊಂದು ಕಿಲೋ ಏರಿಸಿಕೊಂಡಿದ್ದ. ಅವನ ತಂದೆ ಹೆಮ್ಮೆಯಿಂದ ಫೋನಿನಲ್ಲಿ ಹಳೆಯ ಫೋಟೋ ತೋರಿಸಿದರು, ನಾನೂ ಭೇಷ್ ಎಂದೆ. ಪಾದದ ಮೇಲೆ ಎಲ್ಲೋ ಸ್ವಲ್ಪ ನೋವು, ಆಡುವಾಗ ಬರುತ್ತದೆ, ಕೂತರೆ ಹೋಗುತ್ತದೆ ಎಂದ. ಎಕ್ಸ್-ರೇ ತೆಗೆಸಿದೆ, ಏನೂ ಕಾಣಲಿಲ್ಲ. ಉಳುಕು ಎಂದು ಪಟ್ಟಿ ಕಟ್ಟಿ ಕಳುಹಿಸಿದೆ. ಮೂರು ವಾರದ ಮೇಲೆ ಕುಂಟುತ್ತಾ ಬಂದ. ಆಗ ಶೂ, ಸಾಕ್ಸ್ ಬಿಚ್ಚಿಸಿ ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಕಾಲಿನ ಗಂಟಿನ ಮುಂದೆ, ಪಾದದ ಬೆನ್ನಿನ ಮೇಲೆ, ರೂಪಾಯಿ ನಾಣ್ಯದಷ್ಟು ಜಾಗ. ಅಲ್ಲಿ ಒತ್ತಿದ ಕೂಡಲೇ ಮಂಚದಿಂದ ಎದ್ದು ಕೂತ. ಅದೇ ನ್ಯಾವಿಕ್ಯುಲರ್. ಅದರ ನಡುಭಾಗಕ್ಕೆ ರಕ್ತ ಹೋಗುವುದೇ ಕಡಿಮೆ, ಬಿರುಕು ಅಲ್ಲೇ ಬಿಡುತ್ತದೆ, ಸಾಮಾನ್ಯ ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಎಂಆರ್‌ಐಯಲ್ಲಿ ಕಂಡಿತು. ಆರು ವಾರ ಆ ಕಾಲನ್ನು ನೆಲಕ್ಕೆ ಊರಬಾರದು ಎಂದೆ. ಆಯ್ಕೆ ಶಿಬಿರ ಹೋಯಿತು. ಮೊದಲ ದಿನವೇ ಆ ಹೆಬ್ಬೆರಳು ಇಟ್ಟಿದ್ದರೆ ಮೂರು ವಾರ ಉಳಿಯುತ್ತಿತ್ತು. ಅಂದಿನಿಂದ ಎತ್ತರದ ಹುಡುಗ ಯಾವ ನೋವಿಗೆ ಬಂದರೂ ಮೊದಲು ಸಾಕ್ಸ್ ಬಿಚ್ಚಿಸುತ್ತೇನೆ.

ಈಗ ನಿಮ್ಮ ಮಗ. ಆರು ಅಡಿ ನಾಲ್ಕಕ್ಕೆ 68 ಕಿಲೋ ಕಡಿಮೆ, ಒಪ್ಪಿದೆ. ವರ್ಷಕ್ಕೆ ಮೂರು ಕಿಲೋ ಏರಿದರೆ ಸಾಕು, ನಾಲ್ಕಾದರೆ ನನಗೆ ಕತ್ತು ತುರಿಸುತ್ತದೆ. ವಾರಕ್ಕೆ ಎರಡು ದಿನ ಭಾರ, ಅದೂ ನಿಧಾನವಾಗಿ ಎತ್ತಿ ನಿಧಾನವಾಗಿ ಇಳಿಸುವುದು. ಎದೆ, ತೋಳು ಬೇಡ ಎನ್ನುವುದಿಲ್ಲ, ಆದರೆ ಪೃಷ್ಠ, ಮೀನಖಂಡ, ಪಾದ ಮೊದಲು. ಗೋಡೆಯಿಂದ ಕಾಲಿನ ಹೆಬ್ಬೆರಳು ಐದು ಬೆರಳು ದೂರ ಇರುವಂತೆ ನಿಲ್ಲಿಸಿ, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲು ಹೇಳಿ. ಆಗದಿದ್ದರೆ ಜಿಮ್ ಶುಲ್ಕ ಕಟ್ಟುವ ಮೊದಲು ಪಾದದ ಮೇಲಿನ ಕಾಲಿನ ಗಂಟನ್ನು ಸಡಿಲಿಸಿ, ಏಕೆಂದರೆ ಗಂಟು ಬಾಗದಿದ್ದರೆ ಹಾರಿ ಇಳಿದ ಏಟೆಲ್ಲ ಮಂಡಿಚಿಪ್ಪಿನ ಕೆಳಗಿನ ರಜ್ಜುವಿಗೆ ಹೋಗುತ್ತದೆ. ವಾರದ ಒಟ್ಟು ಆಟ, ಅಭ್ಯಾಸ ಸೇರಿ, ಅವನ ವಯಸ್ಸಿಗಿಂತ ಹೆಚ್ಚು ಗಂಟೆ ಆಗಬಾರದು. ಶಾಲೆಯ ತಂಡ, ಕ್ಲಬ್, ಅಪಾರ್ಟ್‌ಮೆಂಟಿನ ಸಂಜೆ ಆಟ ಮೂರನ್ನೂ ಕೂಡಿ ನೋಡಿ. ಕೂಡಿದ ತಂದೆ ತಾಯಿಯರಲ್ಲಿ ಹೆಚ್ಚಿನವರು ನನ್ನ ಮುಂದೆ ಸುಮ್ಮನಾಗಿದ್ದಾರೆ. ವಾರಕ್ಕೆ ಒಂದು ದಿನ ಚೆಂಡು ಮುಟ್ಟಬಾರದು. ಪ್ರೋಟೀನ್ ಡಬ್ಬಿ? ಮೊಟ್ಟೆ, ಬೇಳೆ, ಮೊಸರು, ಕಡಲೆಕಾಯಿ ಮನೆಯಲ್ಲಿ ಮುಗಿದು ಹೋಗಿದ್ದರೆ ಕೊಳ್ಳಿ.

ಪ್ರಶ್ನೆ: ಬಾಸ್ಕೆಟ್‌ಬಾಲ್ ಆಡಿದರೆ ಎತ್ತರ ಬೆಳೆಯುತ್ತದೆಯೇ?

ಇಲ್ಲ. ಮೀನು ಈಜಿ ಈಜಿ ಮೀನಾದದ್ದಲ್ಲ.

ಪ್ರಶ್ನೆ: ಭಾರ ಎತ್ತಿದರೆ ಬೆಳವಣಿಗೆ ನಿಲ್ಲುತ್ತದೆಯಂತೆ?

ನೋಡಿಕೊಳ್ಳುವವರಿದ್ದು, ಸರಿಯಾದ ಕ್ರಮದಲ್ಲಿ ಎತ್ತಿದರೆ ನಿಲ್ಲುವುದಿಲ್ಲ. ಇದನ್ನು ಹನ್ನೊಂದನೆಯ ಸಲ ಬರೆಯುತ್ತಿದ್ದೇನೆ.

ಪ್ರಶ್ನೆ: ಎನ್‌ಬಿಎ ಆಟಗಾರ ಆಂಥೊನಿ ಡೇವಿಸ್ ಹೈಸ್ಕೂಲಿನಲ್ಲಿದ್ದಾಗ ಎಂಟು ಅಂಗುಲ ಬೆಳೆದರಂತೆ. ನನ್ನ ಮಗನಿಗೆ 16, ಐದು ಅಡಿ ಒಂಬತ್ತು. ಕಾಯಬಹುದೇ? (ಕ್ಯಾಲಿಫೋರ್ನಿಯಾದಿಂದ ಕನ್ನಡತಿಯೊಬ್ಬರು)

ಎಡಗೈಯ ಮಣಿಕಟ್ಟಿನ ಒಂದು ಎಕ್ಸ್-ರೇ ತೆಗೆಸಿ ಮೂಳೆಯ ವಯಸ್ಸು ನೋಡಿಸಿ, ಉತ್ತರ ಅಲ್ಲೇ ಇದೆ. ಮೂಳೆಯ ತುದಿ ಮುಚ್ಚಿದ್ದರೆ ಕಾಯುವುದು ವ್ಯರ್ಥ. ಡೇವಿಸ್ ಕಥೆಯಲ್ಲಿ ನಿಮ್ಮ ಮಗನಿಗೆ ಉಪಯೋಗಕ್ಕೆ ಬರುವುದು ಎಂಟು ಅಂಗುಲ ಅಲ್ಲ. ಗಿಡ್ಡಗಿದ್ದಾಗ ಚೆಂಡು ನಡೆಸುವ ಗಾರ್ಡ್ ಆಗಿ ಕಲಿತ ಚೆಂಡಿನ ಹಿಡಿತ ಎತ್ತರ ಬಂದ ಮೇಲೂ ಅವರ ಕೈಯಲ್ಲೇ ಉಳಿಯಿತು. ಮಗ ಅದನ್ನು ಕಲಿಯಲಿ, ಐದು ಅಡಿ ಮೂರು ಅಂಗುಲದ ಮಗ್ಸಿ ಬೋಗ್ಸ್ ಎನ್‌ಬಿಎಯಲ್ಲಿ ಹದಿನಾಲ್ಕು ಋತು ಆಡಿದ್ದಾರೆ.

ಪ್ರಶ್ನೆ: ನಮ್ಮೂರಿನ ಒಂದು ಕ್ಲಿನಿಕ್‌ನಲ್ಲಿ 19 ವರ್ಷದ ಹುಡುಗರಿಗೂ ಎತ್ತರದ ಇಂಜೆಕ್ಷನ್ ಕೊಡುತ್ತಾರೆ. ಕೊಡಿಸಬಹುದೇ?

ಕೊಡಿಸಬೇಡಿ. ಮುಚ್ಚಿದ ಮೂಳೆಯನ್ನು ಯಾವ ಹಾರ್ಮೋನೂ ಉದ್ದ ಮಾಡುವುದಿಲ್ಲ. ಸುಮ್ಮನೆ ಚುಚ್ಚಿಸಿಕೊಂಡರೆ ಬೆಳೆಯುವುದು ಕೈ, ಪಾದ, ದವಡೆ, ಜೊತೆಗೆ ರಕ್ತದ ಸಕ್ಕರೆ. ಕ್ರೀಡೆಯಲ್ಲಿ ಇದು ನಿಷೇಧಿತ ವಸ್ತು, ಸಿಕ್ಕಿಬಿದ್ದರೆ ಹುಡುಗನ ಹೆಸರು ಹೋಗುತ್ತದೆ, ಕ್ಲಿನಿಕ್‌ನದ್ದಲ್ಲ. ನಿಜವಾಗಿ ಹಾರ್ಮೋನ್ ಕೊರತೆ ಇರುವ ಚಿಕ್ಕ ಮಕ್ಕಳಿಗೆ ಎಂಡೋಕ್ರೈನಾಲಜಿಸ್ಟ್ ಕೊಡುವ ಚಿಕಿತ್ಸೆ ಬೇರೆ, ಈ ಅಂಗಡಿ ಬೇರೆ. ಎಕ್ಸ್-ರೇ ನೋಡದೆ ಸೂಜಿ ತೆಗೆದವರ ಹತ್ತಿರ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ.

ಪ್ರಶ್ನೆ: ಭಾರತೀಯರ ಮೈಕಟ್ಟಿಗೆ ಎನ್‌ಬಿಎ ಆಗುವುದಿಲ್ಲ ಅಲ್ಲವೇ?

2015ರಲ್ಲಿ ಡಲ್ಲಾಸ್ ತಂಡ ಆರಿಸಿದ ಪಂಜಾಬಿನ ಸತ್ನಾಮ್ ಸಿಂಗ್ ಏಳು ಅಡಿ ಎರಡು ಅಂಗುಲ. ಅವರಿಗೆ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲು ಆಗಲಿಲ್ಲ, ಆದರೆ ಕೊರತೆ ಮೈಕಟ್ಟಿನಲ್ಲಿತ್ತು ಎಂದು ನನಗೆ ಹೇಳಬೇಡಿ.

ಪ್ರಶ್ನೆ: ನನ್ನ ಮಗಳಿಗೆ 16. ಕ್ಲಬ್ ತಂಡದಲ್ಲಿ ಆಡುತ್ತಾಳೆ. ತೆಳ್ಳಗಾದರೆ ವೇಗ ಬರುತ್ತದೆ ಎಂದು ಕೋಚ್ ಅನ್ನ, ಚಪಾತಿ ಬಿಡಿಸಿದ್ದಾರೆ. ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಹೆಚ್ಚು ಆಡುವವರಿಗೆ ಅದು ಸಹಜ ಎನ್ನುತ್ತಾರೆ. ಈಚೆಗೆ ಮೊಳಕಾಲ ಮೂಳೆಯಲ್ಲಿ ರಾತ್ರಿ ನೋವು ಎನ್ನುತ್ತಾಳೆ. ಯಾವ ಕ್ಯಾಲ್ಸಿಯಂ ಮಾತ್ರೆ ಒಳ್ಳೆಯದು? (ಹುಬ್ಬಳ್ಳಿಯ ತಾಯಿಯೊಬ್ಬರು)

ಈ ಗುಡ್ಡೆಯಲ್ಲಿ ಹೆಣ್ಣುಮಗಳ ಬಗ್ಗೆ ಬಂದ ಪತ್ರ ಇದೊಂದೇ, ತುರ್ತಾಗಿ ಉತ್ತರಿಸಬೇಕಾದದ್ದೂ ಇದೊಂದೇ. ಅಮ್ಮ, ಅದು ಸಹಜವಲ್ಲ. ಆಡಿದಷ್ಟು ಉಣ್ಣದ ದೇಹ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ, ಈಸ್ಟ್ರೋಜನ್ ಇಳಿಯುತ್ತದೆ, ಮೂಳೆ ತೆಳುವಾಗುತ್ತದೆ. ಜೀವಮಾನಕ್ಕೆ ಬೇಕಾದ ಮೂಳೆಯನ್ನು ಕೂಡಿಡುವ ವಯಸ್ಸಿನಲ್ಲಿ ಅವಳು ಇಡುಗಂಟನ್ನು ಕರಗಿಸುತ್ತಿದ್ದಾಳೆ. ಮಾತ್ರೆಯಿಂದ ಇದು ಮುಚ್ಚುವುದಿಲ್ಲ. ಅನ್ನ ಇವತ್ತು ರಾತ್ರಿಯೇ ತಟ್ಟೆಗೆ ಬರಲಿ. ಒಬ್ಬ ಸ್ತ್ರೀರೋಗ ತಜ್ಞೆ, ಒಬ್ಬ ಕ್ರೀಡಾ ವೈದ್ಯರು, ಇಬ್ಬರಿಗೂ ಈ ವಾರವೇ ತೋರಿಸಿ. ಕೋಚ್ ಕೇಳಿದರೆ ನನ್ನ ಈ ಉತ್ತರವನ್ನು ಕತ್ತರಿಸಿ ಕೈಗೆ ಕೊಡಿ. ಮತ್ತೆ, ರಾತ್ರಿ ನೋವಿನ ವಿಷಯವನ್ನು ನೀವು ಕೊನೆಯ ಸಾಲಿಗೆ ಇಟ್ಟಿದ್ದೀರಿ, ಅದು ಮೊದಲ ಸಾಲಿನಲ್ಲಿ ಇರಬೇಕಿತ್ತು. ಎಂಆರ್‌ಐ ಆಗುವವರೆಗೆ ಅವಳು ಓಡಬಾರದು, ಹಾರಬಾರದು. ಶನಿವಾರ ಪಂದ್ಯ ಇದ್ದರೂ.