ಮನೆ ಕಳೆದುಕೊಂಡ ಕುಟುಂಬಗಳಿಗಾಗಿ ಸಂಘ-ಸಂಸ್ಥೆಗಳು ಕೈಜೋಡಿಸಿದರೆ ನಿಜವಾಗಿಯೂ ಉಪಯೋಗ ಆಗುತ್ತಾ?

ನಿಮ್ಮ ಸಂಘ, ಒಂದು ಶಾಲೆ, ಒಂದು ಶೆಲ್ಟರ್ ಮೂರೂ ಸೇರಿ ಕೆಲಸ ಮಾಡಬೇಕು ಅಂತಿದ್ದೀರಿ, ಇದು ಫೋಟೋಗೆ ಮಾತ್ರ ಆಗಿಬಿಡುತ್ತಾ ಅನ್ನೋ ಅನುಮಾನವೂ ಇದೆ. ಅನುಮಾನ ಸರಿಯಾಗಿಯೇ ಇದೆ. ಇಂಥದೊಂದು ಕೂಟದಲ್ಲಿ ಕೆಲವು ವರ್ಷಗಳಿಂದ ನಾನೂ ಓಡಾಡುತ್ತಿದ್ದೇನೆ. ಕಂಬಳಿ, ಪಾತ್ರೆ, ಹಳೇ ಬಟ್ಟೆ ರಾಶಿ ಬೀಳುತ್ತವೆ. ಬಾಕಿ ಬಾಡಿಗೆ ಕಟ್ಟೋಣ ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ.

ಆದರೆ ಕೆಲಸಕ್ಕೆ ಬರೋದು ಬಾಡಿಗೆ ಹಣವೇ. ಅಮೆರಿಕದ ವಸತಿ ಇಲಾಖೆ 2010ರಲ್ಲಿ ಒಂದು ದೊಡ್ಡ ಅಧ್ಯಯನಕ್ಕೆ ಕುಟುಂಬಗಳನ್ನು ಸೇರಿಸಿಕೊಳ್ಳಲು ಶುರು ಮಾಡಿತು. ಶೆಲ್ಟರ್‌ನಲ್ಲಿದ್ದ 2,282 ಕುಟುಂಬಗಳನ್ನು ಗುಂಪು ಮಾಡಿ ಬೇರೆ ಬೇರೆ ನೆರವಿನ ದಾರಿ ತೋರಿಸಿದರು. ಕೆಲವರಿಗೆ ದೀರ್ಘಕಾಲದ ಬಾಡಿಗೆ ಸಹಾಯ, ಕೆಲವರಿಗೆ ಕೆಲವು ತಿಂಗಳದ್ದು ಮಾತ್ರ, ಇನ್ನು ಕೆಲವರಿಗೆ ಸಲಹೆ-ಮಾರ್ಗದರ್ಶನದ ಜೊತೆ ತಾತ್ಕಾಲಿಕ ವಸತಿ. ಮೂರು ವರ್ಷ ಕಳೆದ ಮೇಲೆ ದೀರ್ಘಕಾಲದ ಬಾಡಿಗೆ ಸಹಾಯ ಸಿಕ್ಕವರೇ ಎಲ್ಲರಿಗಿಂತ ಚೆನ್ನಾಗಿದ್ದರು. ಮತ್ತೆ ಬೀದಿಗೆ ಬೀಳೋದು ಕಡಿಮೆಯಾಗಿತ್ತು, ಮಕ್ಕಳು ಶಾಲೆ ಬದಲಿಸೋದೂ ಕಡಿಮೆ, ಮನೆಯೊಳಗಿನ ಹೊಡೆತ-ಬಡಿತವೂ ಕಡಿಮೆ. ಬುದ್ಧಿವಾದ ಆಮೇಲೆ ಹೇಳಬಹುದು, ಅಲ್ವಾ?

ನಿಮ್ಮಂಥ ಸಂಘಕ್ಕೆ ವರ್ಷಗಟ್ಟಲೆ ಬಾಡಿಗೆ ಕಟ್ಟಲು ಆಗಲ್ಲ, ಅದು ಸರ್ಕಾರದ ಕೆಲಸ. ಆದರೆ ಮನೆ ಕೈತಪ್ಪುವ ಮೊದಲೇ ಒಂದೆರಡು ತಿಂಗಳ ಬಾಕಿ ತೀರಿಸಬಹುದು. ಅದಕ್ಕೆ ಸುದ್ದಿ ಬೇಗ ಸಿಗಬೇಕು. ಈ ಸುದ್ದಿ ಮೊದಲು ತಿಳಿಯೋದು ಶಾಲೆಗೆ. ಮಗು ತರಗತಿಯಲ್ಲಿ ತೂಕಡಿಸುತ್ತೆ, ಬ್ಯಾಗ್ ತರಲ್ಲ, ಮನೆ ಎಲ್ಲಿ ಅಂದರೆ ತಡವರಿಸುತ್ತೆ. ಅಮೆರಿಕದಲ್ಲಿ 1987ರ ಮ್ಯಾಕಿನಿ-ವೆಂಟೊ ಕಾಯ್ದೆಯ ಪ್ರಕಾರ ಇಂಥ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹೊತ್ತವರು ಶಾಲಾ ಆಡಳಿತದಲ್ಲಿ ಒಬ್ಬರು ಇರಲೇಬೇಕು. ಕಾಗದಪತ್ರ ಇಲ್ಲ ಅಂತ ಮಗುವನ್ನು ಶಾಲೆಗೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಕಾಯ್ದೆ ಇಲ್ಲದ ಕಡೆ ಒಬ್ಬ ಟೀಚರ್ ಒಪ್ಪಿದರೂ ಸಾಕು.

ನಿಮ್ಮ ಪಟ್ಟಿಯಲ್ಲಿ ವಕೀಲರು ಇಲ್ಲ. ಒಬ್ಬರನ್ನು ಸೇರಿಸಿಕೊಳ್ಳಿ. ಓನರ್ ಕಡೆ ವಕೀಲರಿದ್ದು, ಬಾಡಿಗೆಯವರು ಬರಿಗೈಯಲ್ಲಿ ನಿಂತರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ನ್ಯೂಯಾರ್ಕ್ ನಗರ 2017ರಲ್ಲಿ ಒಕ್ಕಲೆಬ್ಬಿಸುವ ಕೇಸುಗಳಲ್ಲಿ ಬಡ ಬಾಡಿಗೆದಾರರಿಗೆ ಉಚಿತ ವಕೀಲರನ್ನು ಕೊಡುವ ಕಾನೂನು ತಂದಿತು. ಸಾಮಾಜಿಕ ನ್ಯಾಯ ಅಂತ ಬ್ಯಾನರ್ ಬರೆಸೋದಕ್ಕಿಂತ ಇದು ಎಷ್ಟೋ ವಾಸಿ.

ಇನ್ನೊಂದು ವಿಷಯ, ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತೆ. ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ನಮ್ಮ ಹತ್ತಿರ ಬಂದಿದ್ದರು. ಅದಾಗಲೇ ಬೇರೆ ಎರಡು ಕಡೆ ಎಲ್ಲ ಹೇಳಿ ಬಂದಿದ್ದರು. ನಾನು ಫಾರಂ ತೆಗೆದು "ಮನೆ ಬಿಟ್ಟಿದ್ದು ಯಾಕಮ್ಮಾ?" ಅಂದೆ. ಆಕೆ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಮಗ ಉತ್ತರ ಹೇಳಿದ. ಅಪ್ಪನಿಗೆ ಕೆಲಸ ಹೋಯ್ತು, ಬಾಡಿಗೆ ಕಟ್ಟಲಿಲ್ಲ, ಬೀಗ ಹಾಕಿದ್ರು. ಪಾಠ ಒಪ್ಪಿಸಿದ ಹಾಗೆ.

ಅದಕ್ಕೇ ಈಗ ನಮ್ಮಲ್ಲಿ ಒಂದು ಕುಟುಂಬಕ್ಕೆ ಒಬ್ಬರೇ ಜವಾಬ್ದಾರರು. ಫಾರಂ ಕೂಡ ಒಂದೇ. ಕುಟುಂಬ ಒಪ್ಪಿದರೆ ಮಾತ್ರ ಅದು ಬೇರೆ ಸಂಸ್ಥೆಗೆ ಹೋಗುತ್ತೆ. ಅವರು ಕಚೇರಿ ಸುತ್ತಲ್ಲ, ನಮ್ಮವರೇ ಫೋನ್ ಮಾಡುತ್ತಾರೆ. ಫೋಟೋ ತೆಗೆಯಲ್ಲ. ಮೊದಲ ಮೀಟಿಂಗಿನಲ್ಲೇ ಇದನ್ನು ಬರೆದು ಸಹಿ ಹಾಕಿಸಿಕೊಳ್ಳಿ. ಫೋಟೋ ವಿಷಯಕ್ಕೆ ಒಂದಿಬ್ಬರು ಮುನಿಸಿಕೊಳ್ಳುತ್ತಾರೆ, ನಮ್ಮಲ್ಲೂ ಮುನಿಸಿಕೊಂಡರು. ಅವರಿಗೆ ಬಾಡಿಗೆ ನಿಧಿಯ ಲೆಕ್ಕಪತ್ರ ವಹಿಸಿ, ಒಳ್ಳೇ ಕೆಲಸ ಮಾಡುತ್ತಾರೆ.