ರಿಜೆಕ್ಟ್ ಎಂದು ಬರೆದ ಡೊಮೇನಿನಿಂದಲೇ ಮೇಲ್ ಬರುತ್ತಿರುವುದೇಕೆ?

ಪ್ರಶ್ನೆ: ನಮ್ಮ ಪತ್ತಿನ ಸಹಕಾರ ಸಂಘದ ಕಚೇರಿಯಲ್ಲಿ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶದ ಆಧಾರದ ಸ್ವಂತ ಮೇಲ್ ಸರ್ವರ್ ಇದೆ. ಒಂದು ಕಂಪನಿಯ ಜಾಹೀರಾತು ಮೇಲ್‌ಗಳಿಂದ ಬೇಸತ್ತು, ಅದರ ಡೊಮೇನನ್ನು ಸೆಂಡರ್ ಆ್ಯಕ್ಸೆಸ್ ಕಡತದಲ್ಲಿ (ಯಾರ ಮೇಲ್ ಬೇಕು, ಯಾರದ್ದು ಬೇಡ ಎಂಬ ಪಟ್ಟಿ) ಬರೆದು ಎದುರಿಗೆ ರಿಜೆಕ್ಟ್ ಎಂದು ಸೇರಿಸಿದ್ದೇವೆ. ಆದರೂ ಮೇಲ್‌ಗಳು ನಿಂತಿಲ್ಲ. ಅದೇ ಕಡತದಲ್ಲಿ ನಮ್ಮ ಬ್ಯಾಂಕಿನ ಡೊಮೇನಿಗೆ ಓಕೆ ಎಂದು ಬರೆದಿದ್ದರೂ ಬ್ಯಾಂಕಿನ ಪತ್ರಗಳು ಸ್ಪ್ಯಾಮ್ ಫೋಲ್ಡರಿಗೆ ಹೋಗುತ್ತಿವೆ. ತಪ್ಪು ಎಲ್ಲಿದೆ?

ಉತ್ತರ: ನೀವು ಪಟ್ಟಿಯಲ್ಲಿ ಬರೆದ ಡೊಮೇನೂ ಸರ್ವರ್ ಪರೀಕ್ಷಿಸುವ ಡೊಮೇನೂ ಬೇರೆ ಬೇರೆ ಆಗಿರುವ ಸಾಧ್ಯತೆಯೇ ಹೆಚ್ಚು. ಅಂಚೆಯ ಲಕೋಟೆಯ ಮೇಲೆ ಒಂದು ವಿಳಾಸ, ಒಳಗಿನ ಪತ್ರದ ತಲೆಯಲ್ಲಿ ಇನ್ನೊಂದು ವಿಳಾಸ ಇರಬಹುದಾದಂತೆ, ಇ-ಮೇಲ್‌ನಲ್ಲಿಯೂ ಕಳುಹಿಸುವವರ ವಿಳಾಸ ಎರಡು ಕಡೆ ಇರುತ್ತದೆ. ಕಳುಹಿಸುವ ಸರ್ವರ್ ನಿಮ್ಮ ಸರ್ವರಿನೊಡನೆ ಮಾತು ಆರಂಭಿಸುವಾಗ 'ಮೇಲ್ ಫ್ರಮ್' ಎಂಬ ಆದೇಶದಲ್ಲಿ ಕೊಡುವುದು ಲಕೋಟೆಯ ವಿಳಾಸ. ನಿಮ್ಮ ಸಿಬ್ಬಂದಿ ಔಟ್‌ಲುಕ್‌ನಲ್ಲೋ ಥಂಡರ್‌ಬರ್ಡ್‌ನಲ್ಲೋ ಕಾಣುವುದು ಪತ್ರದೊಳಗಿನ 'ಫ್ರಮ್' ಹೆಡರ್ (ತಲೆಯ ಮಾಹಿತಿ ಸಾಲು). ಸೆಂಡರ್ ಆ್ಯಕ್ಸೆಸ್ ಪರೀಕ್ಷೆ ನೋಡುವುದು ಮೊದಲನೆಯದನ್ನು ಮಾತ್ರ. ಸಾಮೂಹಿಕ ಜಾಹೀರಾತು ಕಳುಹಿಸುವ ಕಂಪನಿಗಳು ಸಾಮಾನ್ಯವಾಗಿ ಮೂರನೆಯವರ ಸೇವೆಯನ್ನು ಬಳಸುತ್ತವೆ. ತಲುಪದ ಪತ್ರಗಳ ಮಾಹಿತಿ ತನಗೇ ಹಿಂದಿರುಗಲೆಂದು ಆ ಸೇವೆಯು ಲಕೋಟೆಯ ಮೇಲೆ ತನ್ನದೇ ಡೊಮೇನನ್ನು ಬರೆದುಕೊಳ್ಳುವುದು ವಾಡಿಕೆ.

ಆದ್ದರಿಂದ ಕಡತವನ್ನು ತಿದ್ದುವ ಮೊದಲು, ಬಂದಿರುವ ಒಂದು ಮೇಲ್‌ನ ಪೂರ್ಣ ಹೆಡರ್‌ಗಳನ್ನು ತೆರೆದು 'ರಿಟರ್ನ್ ಪಾತ್' ಸಾಲನ್ನು ಓದಿ. ಅದೇ ವಿಳಾಸ ಸರ್ವರಿನ ಮೇಲ್ ಲಾಗ್‌ನಲ್ಲಿಯೂ ಸಿಗುತ್ತದೆ.

ಅಲ್ಲಿ ನೀವು ತಡೆದ ಡೊಮೇನೇ ಇದ್ದರೆ ದೋಷ ಕಡತದಲ್ಲಿದೆ ಎಂದರ್ಥ. ಹ್ಯಾಶ್ ಬಗೆಯ (ಡೇಟಾಬೇಸ್ ಆಗಿ ಪರಿವರ್ತಿಸಿ ಬಳಸುವ) ಕಡತವನ್ನು ತಿದ್ದಿದ ಮೇಲೆ ಪ್ರತಿ ಬಾರಿಯೂ ಆ ಡೇಟಾಬೇಸನ್ನು ಮತ್ತೆ ಕಟ್ಟುವ ಪೋಸ್ಟ್‌ಮ್ಯಾಪ್ ಆದೇಶ ನಡೆಸಬೇಕು. ಮರೆತರೆ ಹಳೆಯ ಪಟ್ಟಿಯೇ ಜಾರಿಯಲ್ಲಿರುತ್ತದೆ, ಡೇಟಾಬೇಸ್ ಮೂಲ ಕಡತಕ್ಕಿಂತ ಹಳೆಯದೆಂಬ ಎಚ್ಚರಿಕೆ ಮಾತ್ರ ಲಾಗ್‌ನಲ್ಲಿ ಬೀಳುತ್ತದೆ. ಪೋಸ್ಟ್‌ಮ್ಯಾಪ್‌ಗೆ ಕ್ಯೂ ಆಯ್ಕೆ ಕೊಟ್ಟು ಡೊಮೇನಿನ ಹೆಸರನ್ನು ಕೇಳಿದರೆ ರಿಜೆಕ್ಟ್ ಎಂಬ ಉತ್ತರ ಬರಬೇಕು. ಬರೆಯುವ ರೀತಿಯಲ್ಲಿಯೂ ಎಡವುವವರಿದ್ದಾರೆ. ಡೊಮೇನಿನ ಮುಂಚೆ ನಕ್ಷತ್ರ ಚಿಹ್ನೆ ಮತ್ತು ಆ್ಯಟ್ ಚಿಹ್ನೆ ಸೇರಿಸಿದರೆ ಹ್ಯಾಶ್ ಕಡತಕ್ಕೆ ಅದು ಅರ್ಥವಾಗುವುದಿಲ್ಲ. ಸಬ್‌ಡೊಮೇನುಗಳೂ ಸೇರಲಿ ಎಂದು ಹೆಸರಿನ ಮುಂಚೆ ಚುಕ್ಕಿ ಇಡುವುದು ಇನ್ನೊಂದು ಅಭ್ಯಾಸ. ಪೋಸ್ಟ್‌ಫಿಕ್ಸ್‌ನ ಮೂಲ ಹೊಂದಾಣಿಕೆಯಲ್ಲಿ ಬರಿಯ ಡೊಮೇನ್ ಹೆಸರೇ ಸಬ್‌ಡೊಮೇನುಗಳಿಗೂ ಅನ್ವಯಿಸುತ್ತದೆ, ಚುಕ್ಕಿ ಇಟ್ಟ ಸಾಲು ಯಾವುದಕ್ಕೂ ಹೊಂದುವುದಿಲ್ಲ. ಈ ಕಡತ ಸರಿಯಾಗಿದ್ದರೆ, ಪೋಸ್ಟ್‌ಫಿಕ್ಸ್‌ನ ಮುಖ್ಯ ಕಡತದ ಹೊಂದಾಣಿಕೆಗಳನ್ನು ತೋರಿಸುವ ಪೋಸ್ಟ್‌ಕಾನ್ಫ್ ಆದೇಶವನ್ನು ಎನ್ ಆಯ್ಕೆಯೊಡನೆ ನಡೆಸಿ. ಒಂದೇ ನಿಯಮವನ್ನು ಮುಖ್ಯ ಕಡತದಲ್ಲಿ ಎರಡು ಬಾರಿ ಬರೆದಿದ್ದರೆ ಕೊನೆಯದಷ್ಟೇ ಲೆಕ್ಕಕ್ಕೆ ಬರುತ್ತದೆ.

ರಿಟರ್ನ್ ಪಾತ್‌ನಲ್ಲಿ ಬೇರೆ ಡೊಮೇನ್ ಕಂಡರೆ ಅದನ್ನೇ ತಡೆಯಬೇಕೆಂದು ಅನ್ನಿಸಬಹುದು. ಅವಸರ ಮಾಡಬೇಡಿ. ಅದು ಸಾಮೂಹಿಕ ಮೇಲ್ ಸೇವೆಯ ಡೊಮೇನಾಗಿದ್ದರೆ, ನಿಮಗೆ ಅಗತ್ಯವಾದ ಬಿಲ್ಲುಗಳೂ ಒಟಿಪಿಗಳೂ ಅದೇ ದಾರಿಯಲ್ಲಿ ಬರುತ್ತಿರಬಹುದು. ಇಂಥಲ್ಲಿ ಪತ್ರದ ಹೆಡರ್ ಸಾಲುಗಳನ್ನೇ ಪರೀಕ್ಷಿಸುವ ಹೆಡರ್ ಚೆಕ್ಸ್ ಎಂಬ ಸೌಲಭ್ಯ ಸೂಕ್ತ. ರೆಜೆಕ್ಸ್ ಬಗೆಯ (ಅಕ್ಷರಗಳ ನಮೂನೆಗಳನ್ನು ಬರೆಯುವ) ಕಡತದಲ್ಲಿ 'ಫ್ರಮ್' ಎಂದು ಆರಂಭವಾಗಿ ಆ ಡೊಮೇನನ್ನು ಹೊಂದಿರುವ ಸಾಲಿಗೆ ಹೊಂದುವ ನಮೂನೆಯನ್ನು ಬರೆಯಿರಿ. ಹೆಸರಿನೊಳಗಿನ ಪ್ರತಿ ಚುಕ್ಕಿಯ ಮುಂಚೆ ಬ್ಯಾಕ್‌ಸ್ಲ್ಯಾಶ್ ಇರಲಿ. ಈ ಬಗೆಯ ಕಡತಕ್ಕೆ ಪೋಸ್ಟ್‌ಮ್ಯಾಪ್ ಬೇಕಿಲ್ಲ, ಪೋಸ್ಟ್‌ಫಿಕ್ಸ್‌ ಅನ್ನು ರೀಲೋಡ್ ಮಾಡಿದರೆ ಸಾಕು. ಮೊದಲ ಕೆಲವು ದಿನ ರಿಜೆಕ್ಟ್ ಬದಲು ವಾರ್ನ್ ಎಂದು ಬರೆದು, ಯಾವ ಮೇಲ್‌ಗಳು ಸಿಕ್ಕಿಬೀಳುತ್ತಿವೆ ಎಂಬುದನ್ನು ಲಾಗ್‌ನಲ್ಲಿ ಗಮನಿಸುವುದು ಕ್ಷೇಮ. ಈ ನಿಯಮ ಎಲ್ಲ ಸ್ವೀಕೃತಿದಾರರಿಗೂ ಅನ್ವಯಿಸುತ್ತದೆ. ಮೂಲ ಹೊಂದಾಣಿಕೆಯಲ್ಲಿ, ಬೇರೊಬ್ಬರು ಆ ಕಂಪನಿಯ ಮೇಲನ್ನು ಅಟ್ಯಾಚ್‌ಮೆಂಟ್ ಆಗಿ ಕಳುಹಿಸಿದರೂ ತಿರಸ್ಕರಿಸುತ್ತದೆ. ಒಬ್ಬಿಬ್ಬರಿಗೆ ಮಾತ್ರ ತಡೆಯಬೇಕಿದ್ದರೆ, ನಿಮ್ಮಲ್ಲಿ ಡವ್‌ಕಾಟ್ (ಅಂಚೆಪೆಟ್ಟಿಗೆಗಳನ್ನು ನಿರ್ವಹಿಸುವ ತಂತ್ರಾಂಶ) ಇದ್ದಲ್ಲಿ ಅವರ ಪೆಟ್ಟಿಗೆಗೆ ಒಂದು ಸೀವ್ (ಬಂದ ಮೇಲ್‌ಗಳನ್ನು ಸೋಸುವ) ನಿಯಮ ಬರೆಯುವುದೇ ಲೇಸು.

ಇನ್ನು ಬ್ಯಾಂಕಿನ ವಿಷಯ. ಸೆಂಡರ್ ಆ್ಯಕ್ಸೆಸ್‌ನಲ್ಲಿ ಓಕೆ ಎಂದರೆ ಆ ನಿಯಮಗಳ ಸಾಲಿನಲ್ಲಿ ಮುಂದಿನ ಪರೀಕ್ಷೆಗಳು ಬೇಡ ಎಂದಷ್ಟೇ ಅರ್ಥ; ಆನಂತರ ಪತ್ರವನ್ನು ಓದಿ ಅಂಕ ಹಾಕುವ ಸ್ಪ್ಯಾಮ್‌ಅಸ್ಯಾಸಿನ್‌ನಂಥ ಶೋಧಕಕ್ಕೆ ಅದರ ಗೊಡವೆಯೇ ಇಲ್ಲ. ಮೇಲಾಗಿ ಲಕೋಟೆಯ ವಿಳಾಸವನ್ನು ಯಾರು ಬೇಕಾದರೂ ಸುಳ್ಳಾಗಿ ಬರೆಯಬಹುದಾದ್ದರಿಂದ, ಬ್ಯಾಂಕಿನ ಹೆಸರಿಗೆ ಕಣ್ಣುಮುಚ್ಚಿ ಓಕೆ ಎನ್ನುವುದು ವಂಚಕರಿಗೆ ಬಾಗಿಲು ತೆರೆದಂತೆ. ಆ ಸಾಲನ್ನು ಅಳಿಸಿಬಿಡುವುದು ಒಳ್ಳೆಯದೆಂದು ನನ್ನ ಸ್ಪಷ್ಟ ಅಭಿಪ್ರಾಯ. ಅದರ ಬದಲು ಸ್ಪ್ಯಾಮ್‌ಅಸ್ಯಾಸಿನ್‌ನಲ್ಲಿ 'ವೆಲ್‌ಕಮ್‌ಲಿಸ್ಟ್ ಆಥ್' ನಿಯಮ ಬಳಸಿ (4.0ಕ್ಕಿಂತ ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು 'ವೈಟ್‌ಲಿಸ್ಟ್ ಆಥ್'). ಎಸ್‌ಪಿಎಫ್ (ಕಳುಹಿಸಿದ ಸರ್ವರಿಗೆ ಡೊಮೇನಿನ ಅನುಮತಿ ಇದೆಯೇ ಎಂದು ನೋಡುವ) ಅಥವಾ ಡಿಕಿಮ್ (ಡೊಮೇನಿನ ಡಿಜಿಟಲ್ ಸಹಿಯನ್ನು ನೋಡುವ) ಪರೀಕ್ಷೆಯಲ್ಲಿ ವಿಳಾಸ ನಿಜವೆಂದು ಖಚಿತವಾದಾಗ ಮಾತ್ರ ಅದು ರಿಯಾಯಿತಿ ಕೊಡುತ್ತದೆ. ಬರೆಯುವಾಗ ಡೊಮೇನನ್ನೂ ಹೊಸದಾಗಿ ಪರಿಶೀಲಿಸಿ: ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳಿಗೆ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಡೊಮೇನಿಗೆ ಸ್ಥಳಾಂತರಗೊಳ್ಳಲು ಸೂಚಿಸಿತ್ತು. ನಿಮ್ಮ ಪಟ್ಟಿಯಲ್ಲಿರುವುದು ಹಳೆಯ ಹೆಸರಾಗಿದ್ದರೆ, ಈಗ ಬರುತ್ತಿರುವ ಪತ್ರದ ಹೆಡರ್‌ನಿಂದಲೇ ಹೊಸದನ್ನು ನಕಲು ಮಾಡದೆ, ಶಾಖೆಯಲ್ಲಿ ವಿಚಾರಿಸಿ ಬರೆದುಕೊಳ್ಳಿ.