ಬೋರ್ ನೀರಲ್ಲಿ ಮನಾಲಿಗೆ ಹೊರಟ ತಮ್ಮನಿಗೆ

ತಮ್ಮಾ, ನೀನು ಇಲ್ಲಿ ಹಾಕಿದ ಗಾಡಿ ಫೋಟೊ ನೋಡಿ ಎದೆ ಧಸಕ್ ಅಂತು. ಜನವರಿಯಲ್ಲಿ ಗಂಗಾವತಿಯಿಂದ ಮನಾಲಿ, ಅಲ್ಲಿಂದ ಅಟಲ್ ಸುರಂಗ ದಾಟಿ ಸಿಸ್ಸು ಹಳ್ಳಿ. ಬೊಲೆರೊ ಪಿಕಪ್, ಹಿಂದೆ ಬಾಡಿ ಖಾಲಿ. ‘ಹಗುರ ಇದ್ರೆ ಘಾಟ್ ಸಲೀಸು’ ಅಂತ ಬೇರೆ ಬರೆದಿದ್ದೀಯ. ರೇಡಿಯೇಟರ್‌ಗೆ ಬೋರ್ ನೀರಿನ ಪೈಪ್ ಬಿಟ್ಟಿರುವುದೂ ಕಾಣುತ್ತಿದೆ. ಇವೆರಡೂ ತಪ್ಪು ಮಾಡಿ ನಾನು ಹನ್ನೊಂದು ದಿನ ಅಲ್ಲೇ ಕೂತಿದ್ದೆ.

ಮೊದಲು ನೀರು. ನಮ್ಮ ಕಡೆ ಕೂಲಂಟ್, ಅಂದ್ರೆ ಎಂಜಿನ್ ತಂಪಾಗಿಡುವ ದ್ರವ, ಕಡಿಮೆಯಾದಾಗೆಲ್ಲ ನೀರು ಸುರಿಯುತ್ತೇವೆ. ಎರಡು ವರ್ಷದಲ್ಲಿ ಒಳಗೆ ಬರೀ ನೀರೇ ಉಳಿದಿರುತ್ತದೆ. ನಮ್ಮ ಬಿಸಿಲಿಗೆ ಹೇಗೋ ನಡೆಯುತ್ತದೆ, ಅಲ್ಲಿ ನಡೆಯಲ್ಲ. ನೀರು ಗಡ್ಡೆ ಕಟ್ಟಿದರೆ ಸುಮಾರು 9% ಹಿಗ್ಗುತ್ತದೆ. ಅಲ್ಲಿ ನಾನು ಬೆಳಗ್ಗೆ ಎದ್ದು ಬಾನೆಟ್ ಎತ್ತಿದರೆ, ಎಂಜಿನ್ ಬ್ಲಾಕಿನ ತೂತು ಮುಚ್ಚುವ ಎರಡು ಕೋರ್ ಪ್ಲಗ್ ಆಚೆ ಬಂದಿದ್ದವು, ರೇಡಿಯೇಟರ್ ಸೀಳಿತ್ತು. ಬ್ಲಾಕ್ ಉಳಿದದ್ದು ಪುಣ್ಯ. ಹೊರಡುವಾಗ ಗ್ಯಾರೇಜಿನವನು ‘ಹೊಸ ಕೂಲಂಟ್ ಹಾಕೀನಿ’ ಅಂದಿದ್ದ. ಹಾಕಿದ್ದು ಮೇಲಿನ ಡಬ್ಬಿಗೆ ಮಾತ್ರ!

ಹೀಟರ್ ನಾಬ್ ಬಿಸಿ ಕಡೆ ತಿರುಗಿಸಿ, ಬ್ಲಾಕಿನ ಡ್ರೈನ್ ಬೋಲ್ಟೂ ಬಿಚ್ಚಿಸಿ ಪೂರ್ತಿ ಖಾಲಿ ಮಾಡಿಸು. ಎದುರಿಗೇ ನಿಂತು ನೋಡು. ನೀರು ಬೆರೆಸದ ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಇದು ಮೈನಸ್ 35 ಡಿಗ್ರಿವರೆಗೆ ತಡೆಯುತ್ತದೆ. ಜಾಸ್ತಿ ಇದ್ದರೆ ಇನ್ನೂ ಒಳ್ಳೇದು ಅಂತ ಬರೀ ಕೂಲಂಟ್ ಸುರಿಯಬೇಡ, ಅದು ಮೈನಸ್ 13ರ ಆಸುಪಾಸಿಗೇ ಗಟ್ಟಿಯಾಗುತ್ತದೆ. ಕ್ಯಾಸ್ಟ್ರಾಲ್ ಆಗಲಿ ಸರ್ವೋ ಆಗಲಿ, ನನಗೆ ಎರಡೂ ಒಂದೇ. ಮೊದಲೇ ನೀರು ಬೆರೆಸಿದ ರೆಡಿ ಮಿಕ್ಸ್ ತಂದರೆ ಎಷ್ಟು ಮೈನಸ್ ತಡೆಯುತ್ತದೆ ಅಂತ ಡಬ್ಬಿ ಮೇಲೆ ಓದು. ಹೆಸರಿಲ್ಲದ ಹಸಿರು ನೀರು ಮಾತ್ರ ಬೇಡ.

ಇನ್ನು ಖಾಲಿ ಬಾಡಿ. ಎಂಜಿನ್ ಭಾರ ಮುಂದೆ, ಎಳೆಯುವ ಗಾಲಿ ಹಿಂದೆ. ಹಿಂದೆ ತೂಕ ಇಲ್ಲದಿದ್ದರೆ ಹಿಮದ ಮೇಲೆ ಗಾಲಿ ಸುಮ್ನೆ ತಿರುಗುತ್ತದೆ, ತಿರುವಿನಲ್ಲಿ ಹಿಂಭಾಗ ಜಾರಿ ಮುಂದಕ್ಕೆ ಬರುತ್ತದೆ. ಎರಡನೇ ಸಲ ನಾನು 25 ಕೆಜಿಯ ಎಂಟು ಚೀಲ ಸೋನಾ ಮಸೂರಿ ಹಾಕಿಕೊಂಡು ಹೋದೆ. ಎಲ್ಲರೂ ನಕ್ಕರು. ಗಾಡಿ ಎಲ್ಲೂ ಜಾರಲಿಲ್ಲ! ಚೀಲ ಹಿಂದಿನ ಆಕ್ಸಲ್ ಮೇಲೆ, ಇಲ್ಲವೇ ಸ್ವಲ್ಪ ಮುಂದೆ ಬರಬೇಕು. ತೀರಾ ಹಿಂದೆ, ಡಾಲದ (ಬಾಡಿಯ ಹಿಂದಿನ ಬಾಗಿಲು) ಹತ್ತಿರ ಇಟ್ಟರೆ ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ಮಾತು ಕೇಳಲ್ಲ. ಹಗ್ಗ ಬಿಗಿ, ಮೇಲೆ ತಾಡಪತ್ರಿ. ಒಂದು ಚೀಲ ಮರಳೂ ಇರಲಿ, ಸಿಕ್ಕಿಬಿದ್ದಾಗ ಗಾಲಿ ಕೆಳಗೆ ಚೆಲ್ಲಬಹುದು. ಆದರೆ ತೂಕ ಜಾಸ್ತಿ ಆದಷ್ಟೂ ಇಳಿಜಾರಿನಲ್ಲಿ ನಿಲ್ಲುವುದು ನಿಧಾನ, ಅದಕ್ಕೇ 200 ಕೆಜಿ ಸಾಕು.

ಹಿಮದಲ್ಲಿ ಜಾರದಂತೆ ಗಾಲಿಗೆ ಸುತ್ತುವ ಚೈನ್ ಬೇಕೇ ಬೇಕು. ಹಿಮ ಬಿದ್ದ ದಿನ ಚೈನ್ ಇಲ್ಲದ ಗಾಡಿಯನ್ನು ಪೊಲೀಸರು ಸುರಂಗಕ್ಕೂ ಮೊದಲು ಸಿಗುವ ಸೋಲಂಗ್‌ನಿಂದಲೇ ವಾಪಸ್ ಕಳಿಸುತ್ತಾರೆ. ಅಟಲ್ ಸುರಂಗದ ಈಚೆ ಬರೀ ಒದ್ದೆ ರಸ್ತೆ ಇರಬಹುದು, 9 ಕಿಲೋಮೀಟರ್ ದಾಟಿದರೆ ಆಚೆ ಪೂರ್ತಿ ಬಿಳಿ. ಗದ್ದೆಗೆ ಇಳಿಸುವಾಗ ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಹಾಕುತ್ತೀಯಲ್ಲ, ಹಾಗೇ ಹಿಂದಿನ ಗಾಲಿಗೆ ಹಾಕು. ಮನೆ ಅಂಗಳದಲ್ಲೇ ಎರಡು ಸಲ ಹಾಕಿ ಬಿಚ್ಚಿ ಕಲಿ, ಅಲ್ಲಿ ಬೆರಳು ಮಡಚಲ್ಲ. 40ರ ಮೇಲೆ ಓಡಿಸಬೇಡ, ಡಾಂಬರು ಕಂಡ ಕೂಡಲೇ ಬಿಚ್ಚು.

ಎರೆ ಹೊಲದ ಚಾಳಿ ಅಲ್ಲಿ ತೋರಿಸಬೇಡ. ಕೆಸರಲ್ಲಿ ನಾವು ರೇಸ್ ಕೊಟ್ಟು ನುಗ್ಗಿಸುತ್ತೇವೆ. ಹಿಮದಲ್ಲಿ ಎರಡನೇ ಗೇರ್, ಕಾಲು ಹಗುರ. ಇಳಿಯುವಾಗ ಗೇರಿನಲ್ಲೇ ಇಳಿಸು, ಬ್ರೇಕ್ ತುಳಿದೆಯೋ ಕೆಟ್ಟೆ.

ಗಾಲಿಯ ಗಾಳಿಯನ್ನು ಅಲ್ಲೇ ಬೆಳಗ್ಗೆ ನೋಡು. ತಾಪಮಾನ ಸುಮಾರು 6 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಒಂದು ಪಿಎಸ್‌ಐ ಇಳಿಯುತ್ತದೆ, ಕೊಪ್ಪಳದಲ್ಲಿ ತುಂಬಿದ ಲೆಕ್ಕ ಅಲ್ಲಿ ಸುಳ್ಳು. ಬ್ಯಾಟರಿ ಹಳೆಯದಿದ್ದರೆ ಇಲ್ಲೇ ಬದಲಿಸು. ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯಬೇಡ, ಚಳಿಗೆ ಹೆಪ್ಪುಗಟ್ಟಿ ಹಿಡಿದುಕೊಂಡು ಬಿಡುತ್ತದೆ. ಗೇರಿನಲ್ಲಿಟ್ಟು ಗಾಲಿಗೆ ಕಲ್ಲು ಕೊಡು. ವೈಪರ್ ಎತ್ತಿಡು. ಗ್ಲಾಸಿಗೆ ಬಿಸಿನೀರು ಸುರಿದರೆ ಬಿರುಕೇ ಗತಿ. ಡೀಸೆಲ್ ಕ್ಯಾನ್ ಊರಿಂದ ಹೊರಬೇಡ, ಬಯಲುಸೀಮೆಯ ಡೀಸೆಲ್ ಚಳಿಗೆ ಮೇಣವಾಗಿ ಫಿಲ್ಟರ್ ಕಟ್ಟುತ್ತದೆ. ಮನಾಲಿಯಲ್ಲೇ ತುಂಬಿಸು. ನಿನ್ನ ಫೋಟೊ ಕೆಳಗೆ ಒಬ್ಬರು ಡೀಸೆಲ್‌ಗೆ ಸೀಮೆಎಣ್ಣೆ ಬೆರೆಸು ಅಂದಿದ್ದಾರೆ, ಹೊಸ ಗಾಡಿಯ ಇಂಜೆಕ್ಟರ್ ಹಾಳಾದರೆ ಅವರೇನು ದುಡ್ಡು ಕೊಡ್ತಾರಾ?

ಎಂಜಿನ್ ಚಾಲೂ ಇಟ್ಟು ಒಳಗೆ ಮಲಗಬೇಡ. ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿದರೆ ಹೊಗೆ ಕ್ಯಾಬಿನ್ ಒಳಗೇ ಬರುತ್ತದೆ, ಗೊತ್ತೇ ಆಗದೆ ಜೀವ ಹೋಗುತ್ತದೆ. ಕಂಬಳಿ ಜಾಸ್ತಿ ಒಯ್ಯಿ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೋ, ಚಳಿಗೆ ಕೆಡಲ್ಲ. ಬರುವಾಗ ಹಿಮದ ಹಾದಿ ಮುಗಿದ ಮೇಲೆ ಅಕ್ಕಿಯನ್ನು ಯಾವುದಾದರೂ ಗುರುದ್ವಾರದ ಲಂಗರ್‌ಗೆ (ಎಲ್ಲರಿಗೂ ಪುಕ್ಕಟೆ ಊಟ ಹಾಕುವ ಅಡುಗೆಮನೆ) ಕೊಟ್ಟು ಬಾ, ನಾನು ಹಾಗೇ ಮಾಡಿದ್ದು.